ಆನೆ ಕೊಂಡವನ ಅಂಕುಶ

ಬೆಂಗಳೂರಿನಲ್ಲಿ ಯಾರಾದರೂ ‘ನಿಮ್ದು ಯಾವೂರು?’ ಎಂದು ಕೇಳಿದರೆ ‘ದಾವಣಗೆರೆ’ ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಬೆಣ್ಣೆ ದೋಸೆಯ ಮೇಲೆ ಎರಡು ಮಾತಾಡಿ ಅವರು ಅಲ್ಲಿಗೇ ಬಿಟ್ಟರೆ ನನ್ನ ಪುಣ್ಯ. ‘ದಾವಣಗೆರೆಯಲ್ಲಿ ಎಲ್ಲಿ?’ ಎಂದರೋ, ಕೆಲಸ ಕೆಟ್ಟಿತು. ‘ಆನೆಕೊಂಡ’ ಎನ್ನುತ್ತಲೇ ಎದುರಿನವರ ಕಣ್ಣಿನಲ್ಲಿ ಮೂವತ್ತಡಿ ಹಾವೊಂದು ಸರಸರ ಹರಿದುಹೋಗುತ್ತದೆ. 1997ರಲ್ಲಿ ಆ ಹಾವಿನ ಹೆಸರಿನ ಹಾಲಿವುಡ್ ಸಿನಿಮಾ ಬಂದಿತ್ತು. ಅದೇ ವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಚಿತ್ರದುರ್ಗದ ಮನೆಯಿಂದ ಪಾಲು ತೆಗೆದುಕೊಂಡು ಬೇರೆ ಜಿಲ್ಲೆಯಾಯಿತು. ಎರಡರಲ್ಲಿ ಯಾವ ಸುದ್ದಿ ಜನಕ್ಕೆ ನೆನಪಿದೆ ಅನ್ನೋದು ನನ್ನ ವಿಳಾಸ ಬರೆದುಕೊಳ್ಳುವವರ ಮುಖ ನೋಡಿದರೆ ಗೊತ್ತಾಗುತ್ತದೆ.

ಹಾವಲ್ಲ ಸ್ವಾಮೀ, ಆನೆ. ನಮ್ಮ ಆನೆಕೊಂಡದಲ್ಲಿ ಚಾಲುಕ್ಯರ ಕಾಲದ ಕೆತ್ತನೆಯ ಈಶ್ವರನ ಗುಡಿ ಇದೆ, ಬಸವೇಶ್ವರ ಇದ್ದಾನೆ, ಶ್ರಾವಣ ಬಂದರೆ ಕಾರ್ಣಿಕ ನಡೆಯುತ್ತದೆ. ಹೆಸರಿನ ವಿಷಯಕ್ಕೆ ಬಂದರೆ ಮಾತ್ರ ಕಟ್ಟೆಗೊಂದು ಪಂಥ. ಕೊಂಡ ಅಂದರೆ ಹೊಂಡ ಎಂದು ಒಬ್ಬರು, ಕೊಂಡ ಅಂದರೆ ದುಡ್ಡು ಕೊಟ್ಟು ಕೊಂಡದ್ದೇ ಎಂದು ಇನ್ನೊಬ್ಬರು. ನಾನು ಎರಡನೇ ಪಕ್ಷ. ಶಾಸನ ಗೀಸನ ಓದಿ ಹೇಳುತ್ತಿಲ್ಲ. ನಾನೇ ಒಂದು ಆನೆ ಕೊಂಡವನು, ಅದಕ್ಕೆ. ಒಂದೇ ಸೊಂಡಿಲು, ಎಂಟು ಹೊಟ್ಟೆ, ಸೆಕೆಂಡ್ ಹ್ಯಾಂಡು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿತು.

ಆನೆಗೆ ಮುಂಚಿನ ಕಥೆ ಕೇಳಿ. ನಾನು ಊರಿನ ಒಂದು ಸಹಕಾರಿ ಸಂಸ್ಥೆಯಲ್ಲಿ ‘ಸಿಸ್ಟಮ್’ ನೋಡಿಕೊಳ್ಳುವವನಾಗಿದ್ದೆ. ಹೆಸರು ಹೇಳಿದರೆ ನನ್ನ ಗ್ರಾಚ್ಯುಟಿ ಲೆಕ್ಕವನ್ನು ಮತ್ತೆ ಹಾಕಿಸಿಯಾರು, ಬೇಡ. ಸಂಜೆ ಲೆಕ್ಕ ತಾಳೆಯಾದ ಮೇಲೆ ಕಂಪ್ಯೂಟರಿನಲ್ಲಿ ಇದ್ದಬದ್ದದ್ದನ್ನೆಲ್ಲ ಟೇಪಿಗೆ ಇಳಿಸಿ ಮನೆಗೆ ಹೋಗುವುದು ನನ್ನ ಕೆಲಸ. ಟೇಪು ಅಂದರೆ ರಾಜಕುಮಾರರ ಹಾಡಿನ ಕ್ಯಾಸೆಟ್ಟಿಗಿಂತ ಚಿಕ್ಕದು, ಅಂಗಿ ಜೇಬಿನಲ್ಲಿ ಇಟ್ಟರೆ ಬೀಡಿ ಕಟ್ಟು ಅಂದುಕೊಳ್ಳಬೇಕು. ಡ್ಯಾಟ್ ಅಂತ ಅದರ ಹೆಸರು. ಒಳಗೆ 4 ಮಿಲಿಮೀಟರ್ ಅಗಲದ ಪಟ್ಟಿ, ವಿಸಿಆರ್‌ನಲ್ಲಿ ತಿರುಗುತ್ತಿತ್ತಲ್ಲ ಅಂಥದೇ ಒಂದು ಡೋಲು ತಿರುಗಿ ಅದರ ಮೇಲೆ ಓರೆಯಾಗಿ ಬರೆಯುತ್ತದೆ. ನಮ್ಮ ಹತ್ತಿರ ಇದ್ದದ್ದು ಮೂರನೇ ತಲೆಮಾರಿನದು, ಒಂದೊಂದರಲ್ಲಿ 12 ಜಿಬಿ ಹಿಡಿಯುತ್ತಿತ್ತು. ಇವತ್ತು ಆ 12 ಜಿಬಿ ಮದುವೆ ಮನೆಯ ವಿಡಿಯೋ ಫಾರ್ವರ್ಡ್ ಮಾಡುವ ಅತ್ತಿಗೆಗೆ ಒಂದು ತಿಂಗಳಿಗೂ ಸಾಲದು, ಆವತ್ತು ಅದು ಸಂಸ್ಥೆಯ ಕಾಲುಭಾಗ ಆಸ್ತಿ.

ಈ ಟೇಪುಗಳನ್ನು ಸುತ್ತಿಸುವುದಕ್ಕೆ ಒಂದು ಪದ್ಧತಿ ಇದೆ, ಪ್ರಪಂಚದಾದ್ಯಂತ ಅದನ್ನು ಅಜ್ಜ–ಅಪ್ಪ–ಮಗ ಅಂತಲೇ ಕರೆಯುತ್ತಾರೆ. ನಾನು ಕಟ್ಟಿದ ಕಥೆಯಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಐದು ಮಕ್ಕಳು, ಶನಿವಾರಕ್ಕೆ ಅಪ್ಪ, ತಿಂಗಳ ಕೊನೆಗೆ ಅಜ್ಜ. ಮಕ್ಕಳನ್ನು ವಾರವಾರವೂ ಅಳಿಸಿ ಬರೆಯಬಹುದು, ಅಪ್ಪನನ್ನು ತಿಂಗಳಿಗೊಮ್ಮೆ ಮುಟ್ಟಬಹುದು, ಅಜ್ಜನ ತಂಟೆಗೆ ಹೋಗುವ ಹಾಗಿಲ್ಲ. ಥೇಟ್ ನಮ್ಮ ಕೂಡು ಕುಟುಂಬ. ಜೊತೆಗೆ ಇನ್ನೊಂದು ನಿಯಮ: ಅಜ್ಜ ಆಫೀಸಿನಲ್ಲಿ ಇರಬಾರದು. ಆಫೀಸಿಗೆ ಬೆಂಕಿ ಬಿದ್ದರೆ ಅಜ್ಜನೂ ಹೋಗುತ್ತಾನಲ್ಲ! ಹಾಗಾಗಿ ಅಜ್ಜಂದಿರು ಆನೆಕೊಂಡದ ನಮ್ಮ ಮನೆಗೆ ಬಂದು ಸೇರಿದರು. ಗಾಳಿಯಾಡದ, ತೇವ ತಾಗದ, ಮಕ್ಕಳ ಕೈಗೆ ಎಟುಕದ ಜಾಗ ನಮ್ಮ ಮನೆಯಲ್ಲಿ ಒಂದೇ. ಅಟ್ಟದ ಮೇಲಿನ ಮಂಡಕ್ಕಿ ಡಬ್ಬಿ. ಮಂಡಕ್ಕಿ ಮೆತ್ತಗಾಗಿಲ್ಲ ಅಂದರೆ ಟೇಪಿಗೂ ಏನೂ ಆಗಿಲ್ಲ. ಇಂಥ ಅಳತೆ ಯಂತ್ರ ಯಾವ ಕಂಪನಿ ಮಾಡಿದೆ ಹೇಳಿ? ನನ್ನ ಹೆಂಡತಿ ಮಾತ್ರ ನೆಂಟರ ಎದುರಿಗೇ ಕೂಗುತ್ತಿದ್ದಳು: ‘ರೀ, ಖಾರ ಮಂಡಕ್ಕಿ ಕಲಸಬೇಕು, ನಿಮ್ಮ ಅಜ್ಜನ್ನ ಸ್ವಲ್ಪ ಎತ್ತಿಡ್ರಿ!’

ನಮ್ಮ ಸೆಕ್ರೆಟರಿ ಸಾಹೇಬರಿಗೆ ಅಜ್ಜಂದಿರನ್ನು ಕಂಡರೆ ಹೊಟ್ಟೆಯುರಿ. ‘ವರ್ಷಕ್ಕೆ ಹನ್ನೆರಡು ಅಜ್ಜ ಯಾಕ್ರೀ? ಹೋದ ವರ್ಷದ್ದರ ಮೇಲೇ ಬರೀರಿ’ ಎನ್ನುತ್ತಿದ್ದರು. ಅವರನ್ನು ಜಿಪುಣ ಅಂತ ಬೈದುಕೊಂಡಿದ್ದೆ. ಆಮೇಲೆ ನೋಡಿದರೆ ನಾಸಾದವರೂ ಇದೇ ಜಾತಿ. ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟ ಚಿತ್ರಗಳ ಮೂಲ ಟೇಪುಗಳನ್ನು ಹುಡುಕೀ ಹುಡುಕೀ ಕೊನೆಗೆ 2009ರಲ್ಲಿ, ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿರಬೇಕು ಎಂದು ಒಪ್ಪಿಕೊಂಡರು. ಟೇಪಿಗೆ ಕೊರತೆ ಇತ್ತಂತೆ. ನಮ್ಮ ಸಾಹೇಬರು ಅಮೆರಿಕದಲ್ಲಿ ಹುಟ್ಟಿದ್ದರೆ ಎಲ್ಲಿಗೋ ಹೋಗುತ್ತಿದ್ದರು.

ಇಷ್ಟು ಶ್ರದ್ಧೆಯಿಂದ ಇಟ್ಟೆವಲ್ಲ, ಒಂದು ದಿನವಾದರೂ ತೆಗೆದು ನೋಡಿದೆವಾ ಅಂದರೆ, ಇಲ್ಲ. ರಿಜಿಸ್ಟರಿನಲ್ಲಿ ದಿನಾ ‘ಬ್ಯಾಕಪ್ ಆಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಆಡಿಟರು ಬಂದು ಸಹಿ ಲೆಕ್ಕ ಮಾಡಿಕೊಂಡು ಹೋಗುತ್ತಿದ್ದರು. ನಮ್ಮಜ್ಜಿ ಸರವನ್ನು ಕಳ್ಳರಿಗೆ ಸಿಗದ ಹಾಗೆ ಬಚ್ಚಿಟ್ಟು, ಆಮೇಲೆ ತನಗೂ ಸಿಗದೆ ಸತ್ತಳು. ಅಂಥ ಭದ್ರತೆ ನಮ್ಮದು.

ಆ ದಿನ ಬಂದೇ ಬಂತು. 2002ರ ಮಳೆಗಾಲ. ಕಂಪ್ಯೂಟರಿನ ಹೊಟ್ಟೆಯಿಂದ ಅಕ್ಕಸಾಲಿಗರ ಅಂಗಡಿಯ ಹಾಗೆ ಟಕ್ ಟಕ್ ಟಕ್ ಸದ್ದು, ಆಮೇಲೆ ಸದ್ದೂ ಇಲ್ಲ. ಡಿಸ್ಕು ಶಿವನ ಪಾದ ಸೇರಿತ್ತು. ಹೊಸ ಡಿಸ್ಕು ಹಾಕಿ, ರಾತ್ರಿ ಎಂಟಕ್ಕೆ ಟೇಪಿನಿಂದ ವಾಪಸ್ ಇಳಿಸಲು ಕೂತೆ. ನಾಲ್ಕು ಟೇಪು. ಅದಕ್ಕೆ ಬಳಸುವ ತಂತ್ರಾಂಶದ ಹೆಸರು ಟಾರ್. ರಸ್ತೆಗೆ ಹಾಕುವುದಲ್ಲ, ಟೇಪ್ ಆರ್ಕೈವ್ ಅನ್ನುವುದರ ಮೊಟಕು. 1979ರ ಯುನಿಕ್ಸ್ ಕಾಲದ್ದು. ರಸ್ತೆಯ ಟಾರಿಗಿಂತ ಗಟ್ಟಿ, ಇವತ್ತಿಗೂ ಕಿತ್ತುಬಂದಿಲ್ಲ.

ಡ್ರೈವು ಓದುವ ವೇಗ ಸೆಕೆಂಡಿಗೆ 1 ಎಂಬಿ. ಅಂದರೆ ಒಂದು ಟೇಪು ಮುಗಿಯಲು 3 ಗಂಟೆ 20 ನಿಮಿಷ. ಅಲ್ಲಿಯವರೆಗೆ ಅದರ ಮುಖ ನೋಡುತ್ತ ಕೂತರೆ ಪುಣ್ಯವೇನೂ ಬರಲ್ಲವಲ್ಲ, ಊಟ ಮಾಡಿ ಬರೋಣ ಎಂದು ಮನೆಗೆ ಹೋದೆ. ವಾಪಸ್ ಬರುವಾಗ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಹಾಕಿತ್ತು. ದಾವಣಗೆರೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುವುದಾದರೆ: ಆಗ ನಮ್ಮೂರನ್ನು ಎರಡು ಪಾಲು ಮಾಡಿದ್ದದ್ದು ಜಾತಿಯೂ ಅಲ್ಲ ಪಕ್ಷವೂ ಅಲ್ಲ, ಆ ಗೇಟು. ಈಚೆ ಹಸಿದವರು ಆಚೆಯ ಹೋಟೆಲಿನ ಒಗ್ಗರಣೆ ವಾಸನೆ ಕುಡಿಯುತ್ತ ನಿಂತಿರುತ್ತಿದ್ದರು. ಆವತ್ತು ಒಂದು ಗೂಡ್ಸು, ಅದರ ಹಿಂದೆ ಒಂದು ಎಕ್ಸ್‌ಪ್ರೆಸ್ಸು. ಆಫೀಸು ಮುಟ್ಟಿದಾಗ 11-45. ಪರದೆಯ ಮೇಲೆ 11-20ರಿಂದ ಒಂದೇ ಸಾಲು ಮಿಣಕುತ್ತಿತ್ತು: ಎರಡನೇ ಸಂಪುಟ ಸಿದ್ಧಮಾಡಿ, ರಿಟರ್ನ್ ಒತ್ತಿ.

ಕಾರ್ಣಿಕದ ನುಡಿಯ ಹಾಗೆ ಒಂದೇ ಸಾಲು. ಮುಂದೆ ಏನು, ಇನ್ನೆಷ್ಟು ಹೊತ್ತು, ಮಳೆ ಬೆಳೆ ಹೇಗೆ, ಒಂದೂ ಇಲ್ಲ. ಕಾರ್ಣಿಕವಾದರೆ ಗೊರವಯ್ಯ ನುಡಿದ ಮೇಲೆ ಊರೆಲ್ಲ ಕೂತು ಅರ್ಥ ಹಚ್ಚುತ್ತದೆ, ಎಪಿಎಂಸಿಯವರು ದರ ಏರುತ್ತದೆ ಅಂತಲೂ ಪುಢಾರಿಗಳು ಸರ್ಕಾರ ಬೀಳುತ್ತದೆ ಅಂತಲೂ. ಇಲ್ಲಿ ನಾನೊಬ್ಬನೇ. ಎರಡನೇ ಟೇಪು ಹಾಕಿ ಒತ್ತಿದೆ. ಇನ್ನು ಮೂರುಗಂಟೆಯ ಬಿಡುವು. ಒಂದು ಗಳಿಗೆ ಮಲಗಿ ಬರೋಣ ಎಂದು ಮನೆಗೆ ಹೋದವನು ಕಣ್ಣು ಬಿಟ್ಟಾಗ ಏಳು ಗಂಟೆ, ಹೆಂಡತಿ ರಂಗೋಲಿ ಹಾಕುತ್ತಿದ್ದಳು. ಆಫೀಸಿಗೆ ಓಡಿದರೆ 7-40. ಪಾಪ, ಅದು ಬೆಳಗಿನ ಜಾವ 3-05ರಿಂದ ಮೂರನೇ ಟೇಪಿಗೆ ಕೈಯೊಡ್ಡಿಕೊಂಡು ಕೂತಿತ್ತು. ಬೈಗುಳವಿಲ್ಲ, ಫೋನಿಲ್ಲ, ಮುನಿಸಿಲ್ಲ. ಅಂಥ ತಾಳ್ಮೆಯ ಜೀವವನ್ನು ನಾನು ಸಂಸ್ಥೆಯ ಸಾಲ ವಿಭಾಗದ ಬೆಂಚಿನ ಮೇಲೆ ಮಾತ್ರ ನೋಡಿದ್ದೇನೆ.

ಹತ್ತೂವರೆಗೆ ಕೌಂಟರ್ ತೆರೆಯಿತು, ಲೆಕ್ಕ ಬಂದದ್ದು ಮಧ್ಯಾಹ್ನ ಎರಡಕ್ಕೆ. ನಡುವಿನ ಮೂರೂವರೆ ಗಂಟೆ ಜನ ನನ್ನ ವಂಶವನ್ನು ಅಜ್ಜ, ಅಪ್ಪ, ಮಗ ಇದೇ ಕ್ರಮದಲ್ಲಿ ನೆನೆದರು. ರಾತ್ರಿ ಲೆಕ್ಕ ಹಾಕಿದೆ: ನಾಲ್ಕು ಟೇಪಿನ ನಡುವೆ ಮೂರೇ ಬದಲಾವಣೆ. ಒಂದಕ್ಕೆ ಅರ್ಧ ನಿಮಿಷ. ಆ ಒಂದೂವರೆ ನಿಮಿಷದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡದೆ ನಾನು ತಿಂದದ್ದು ಐದು ಗಂಟೆ.

ಟೇಪು ತಾನೇ ಬದಲಾಯಿಸಿಕೊಳ್ಳುವ ಯಂತ್ರವಿದೆ, ತರಿಸೋಣ ಎಂದು ಸಾಹೇಬರ ಮುಂದೆ ನಿಂತೆ. ‘ಒಂದೂವರೆ ನಿಮಿಷದ ಕೆಲಸಕ್ಕೆ ಮಷೀನಾ?’ ಎಂದು ಮೂಗಿನ ತುದಿಗೆ ಕನ್ನಡಕ ಇಳಿಸಿದರು. ‘ರಾತ್ರಿ ವಾಚ್‌ಮನ್ ಇರ್ತಾನಲ್ರೀ, ಅವನಿಗೆ ಹೇಳಿಕೊಡ್ರಿ.’

ಹೇಳಿಕೊಟ್ಟೆ. ನಮ್ಮ ವಾಚ್‌ಮನ್ ಹಿಂದೆ ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದ ಜೀವ. ಎಳೆ ಕಡಿದಾಗ ಓಡಿಹೋಗಿ ಗಂಟು ಹಾಕುವುದು, ಕಂಡಿಕೆ ಖಾಲಿಯಾದಾಗ ಬೇರೆ ಸಿಕ್ಕಿಸುವುದು ಬೆರಳಿಗೇ ಗೊತ್ತಿತ್ತು. ‘ಇಷ್ಟೇನಾ ತಮ್ಮಾ? ಬಾಬಿನ್ ಬದಲಾಯಿಸಿದಂಗೆ ಬಿಡು’ ಅಂದರು. ಅಂಥವರನ್ನು ‘ಮನುಷ್ಯ’ ಅಂದು, ಕಬ್ಬಿಣದ ಡಬ್ಬಿಯನ್ನು ‘ಸ್ವಯಂಚಾಲಿತ’ ಅನ್ನುವುದು ಯಾವ ನ್ಯಾಯವೋ.

ಆಮೇಲಿನಿಂದ ಮೂರು ತಿಂಗಳಿಗೊಮ್ಮೆ ಹಳೆಯ ಕಂಪ್ಯೂಟರಿನ ಮೇಲೆ ಟೇಪು ಇಳಿಸಿ ನೋಡುವ ರಿಹರ್ಸಲ್ ಶುರುಮಾಡಿದೆ. ಮೊದಲನೆಯದೇ ಸೊಗಸಾಯಿತು. ಎರಡನೆಯ ಸಲ ಬೆಳಿಗ್ಗೆ ಬಂದು ನೋಡಿದರೆ ಟಾರ್ ಇನ್ನೂ ಎರಡನೇ ಸಂಪುಟವನ್ನೇ ಕೇಳುತ್ತಿದೆ! ಮೇಲೆ ಸಾಲುಸಾಲಾಗಿ ಒಂದೇ ದೂರು: ಅರ್ಧಕ್ಕೆ ನಿಂತ ಕಡತ ಈ ಸಂಪುಟದಲ್ಲಿ ಮುಂದುವರಿದಿಲ್ಲ, ಮುಂದುವರಿದಿಲ್ಲ. ವಾಚ್‌ಮನ್ ರಿಜಿಸ್ಟರ್ ತೆಗೆದು ತೋರಿಸಿದರು. ‘11-25 ಟೇಪು ಹಾಕಿದೆ. 11-28 ಟೇಪು ಹಾಕಿದೆ. 11-31 ಟೇಪು ಹಾಕಿದೆ.’ ಹೀಗೇ ಎರಡು ಪುಟ, ಪ್ರತಿಯೊಂದಕ್ಕೂ ಸಹಿ. ಯಾವ ಟೇಪು ಎಂದು ಕೇಳಿದೆ. ‘ಅದೇ, ಹೊರಗೆ ಬಂತಲ್ಲ, ಅದನ್ನೇ. ಮುಟ್ಟಿದರೆ ಬೆಚ್ಚಗಿತ್ತು. ಸ್ವಲ್ಪ ಆರಿಸಿ ಮತ್ತೆ ಹಾಕಿದೆ.’ ಮಿಲ್ಲಿನಲ್ಲಿ ಖಾಲಿ ಬಾಬಿನ್ನು ನೋಡಿದರೇ ಖಾಲಿ ಅಂತ ಗೊತ್ತಾಗುತ್ತದೆ. ಟೇಪು ಓದಿ ಮುಗಿದ ಮೇಲೂ ಮುಂಚಿನ ಹಾಗೇ ತುಂಬು ಗರ್ಭಿಣಿ. ತಪ್ಪು ಅವರದಲ್ಲ, ಮೇಲೆ ಇಂಗ್ಲಿಷ್ ಅಂಕಿ ಬರೆದು ಅಂಟಿಸಿದ್ದು ನಾನು. ಮುಂದಿನ ಸಲ ಕೆಂಪು, ಹಸಿರು, ಹಳದಿ, ನೀಲಿ ಚೀಟಿ ಅಂಟಿಸಿದೆ, ಮತ್ತೆ ಒಂದೇ ಒಂದು ತಪ್ಪಾಗಲಿಲ್ಲ.

ಸುರುಳಿ ಬದಲಾಯಿಸುವ ಸಂಕಟ ಹೊಸದೇನಲ್ಲ. ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಒಂದೇ. ರೀಲು ಮುಗಿದಾಗಲೆಲ್ಲ ಲೈಟು ಹತ್ತಿ, ಅರ್ಧ ಎತ್ತಿದ ಹೀರೋನ ಕೈ ಹಾಗೇ ನಿಂತು, ಶೇಂಗಾ ಮಾರುವವನಿಗೆ ವ್ಯಾಪಾರ. ಪೇಟೆಯ ಟಾಕೀಸಿನಲ್ಲಿ ಎರಡು ಪ್ರೊಜೆಕ್ಟರು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಫಕ್ಕನೆ ಬಂದುಹೋಗುತ್ತಿತ್ತಲ್ಲ, ಆಪರೇಟರಿಗೆ ಅದೇ ಸನ್ನೆ. ಮೊದಲ ಚುಕ್ಕೆಗೆ ಎರಡನೇ ಯಂತ್ರ ಓಡಿಸಬೇಕು, ಎರಡನೇ ಚುಕ್ಕೆಗೆ ಬೆಳಕು ಬದಲಿಸಬೇಕು. ನಾವು ಹುಡುಗರು ಅದು ಫಿಲ್ಮಿಗೆ ಬಿದ್ದ ತೂತು ಅಂದುಕೊಂಡಿದ್ದೆವು. ಒಂದೇ ಪ್ರಿಂಟನ್ನು ಎರಡು ಟಾಕೀಸಿನಲ್ಲಿ ಓಡಿಸುವಾಗಲಂತೂ ಇಲ್ಲಿ ಮುಗಿದ ರೀಲನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹುಡುಗ ಅಲ್ಲಿಗೆ ಓಡಬೇಕು. ಗೇಟು ಬಿದ್ದರೆ? ಅಲ್ಲಿ ಮುನ್ನೂರು ಜನ ಸೀಟಿ ಹೊಡೆಯುತ್ತಾರೆ, ಹೀರೋಯಿನ್ನು ಸಾಯದೆ ಕಾಯುತ್ತಾಳೆ.

ಇದನ್ನೆಲ್ಲ ಹರಿಹರದ ನಮ್ಮ ಮಾವನ ಮುಂದೆ ಕೊರೆದೆ. ಮಾವ ಹರಿಹರದ ಲೇತ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್. ಅಲ್ಲಿನ ಲೇತ್ ಅಂದರೆ ದೇಶದ ವರ್ಕ್‌ಶಾಪುಗಳೆಲ್ಲ ಕೈ ಮುಗಿಯುತ್ತಿದ್ದ ಕಾಲವೊಂದಿತ್ತು. ಕಾರ್ಖಾನೆ ಮುಚ್ಚಿದ ಮೇಲೂ ಮಾವ ಎಲ್ಲವನ್ನೂ ಲೇತ್ ಆಗಿಯೇ ನೋಡುತ್ತಾರೆ. ಮಗಳ ಮದುವೆಗೂ ಟಾಲರೆನ್ಸ್ ಹೇಳಿದ ಮನುಷ್ಯ. ನಾನು ಟೇಪು ಬದಲಾಯಿಸುವ ಯಂತ್ರದ ಚಿತ್ರ ತೋರಿಸಿದೆ. ಒಂದು ಡ್ರೈವು, ಸುತ್ತ ಎಂಟು ಗೂಡು, ಗೂಡಿನಿಂದ ಟೇಪು ಎತ್ತಿ ಡ್ರೈವಿನ ಬಾಯಿಗೆ ಇಡುವ ಒಂದು ಕೈ.

‘ಇದು ಟರೆಟ್ ಕಣಯ್ಯಾ’ ಅಂದರು ಒಂದೇ ಏಟಿಗೆ. ‘ಟರೆಟ್ ಲೇತಿನಾಗೆ ಆರು ಟೂಲು ಸುತ್ತ ಕಟ್ಟಿರ್ತೀವಿ, ಒಂದರ ಕೆಲ್ಸ ಮುಗಿದ ಕೂಡ್ಲೆ ತಿರುಗಿಸಿ ಇನ್ನೊಂದು. ಸಿಎನ್‌ಸಿ ಬಂದಮ್ಯಾಗೆ ಅದೇ ತಿರುಗುತ್ತೆ. ಒಂದೇ ಸೂತ್ರ ನೆನಪಿಟ್ಕೊ: ಮೊದ್ಲು ಹಿಂದಕ್ಕೆ ಸರಿಬೇಕು, ಆಮೇಲೆ ತಿರುಗಬೇಕು. ಕೆಲ್ಸದ ಮೈಗೆ ಟೂಲು ತಾಗಿರೋವಾಗ ತಿರುಗಿಸಿದ್ಯೋ, ಟೂಲೂ ಹೋಯ್ತು ಕೆಲ್ಸಾನೂ ಹೋಯ್ತು.’

ಈ ಮಾತನ್ನು ನಾನು ಆವತ್ತು ತಲೆಯಾಡಿಸಿ ಮರೆತೆ. ಹರಿಹರೇಶ್ವರನ ಗುಡಿಗೆ ಹೋಗಿ ಬಂದೆವು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಅಂಗಳದಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಎಂಟುನೂರು ವರ್ಷದ ಬ್ಯಾಕಪ್ಪು, ಕರೆಂಟು ಬೇಡ, ಟೇಪು ಬದಲಾಯಿಸುವ ತಾಪತ್ರಯವಿಲ್ಲ. ‘ಓದು ನೋಡೋಣ’ ಅಂದರು ಮಾವ. ಎರಡು ಅಕ್ಷರ ಓದಿ ಕೆಮ್ಮಿದೆ. ಸಂಪುಟ ಇದೆ, ನನ್ನ ತಲೆಯಲ್ಲಿ ಅದನ್ನು ಓದುವ ಡ್ರೈವಿಲ್ಲ.

ಡ್ರೈವಿನದು ಟೇಪಿಗಿಂತ ದೊಡ್ಡ ಗೋಳು. ನಮ್ಮ ಡ್ಯಾಟ್ ಡ್ರೈವು ಮುದುಕಾಗಿ ಕೆಮ್ಮತೊಡಗಿತ್ತು. ಅಷ್ಟರಲ್ಲಿ ಎಲ್‌ಟಿಒ ಅನ್ನುವ ಅರ್ಧ ಇಂಚು ಅಗಲದ ಟೇಪು ಬಂದಿತ್ತು. 2000ದಲ್ಲಿ ಹುಟ್ಟಿದಾಗ 100 ಜಿಬಿ; 2021ರ ಒಂಬತ್ತನೇ ತಲೆಮಾರಿಗೆ ಅದು 18 ಟಿಬಿ, ಒಂದು ಕಿಲೋಮೀಟರಿಗೂ ಉದ್ದದ ಪಟ್ಟಿ. ಇದರ ಮನೆತನದಲ್ಲೂ ಒಂದು ನಿಯಮ ಇತ್ತು, ಮೊಮ್ಮಗ ಡ್ರೈವು ತಾತನ ಟೇಪನ್ನು ಓದಬಲ್ಲ, ಮುತ್ತಾತನದನ್ನಲ್ಲ. ಎಂಟನೇ, ಒಂಬತ್ತನೇ ತಲೆಮಾರಿಗೆ ಅಪ್ಪನದು ಮಾತ್ರ. ಕಾಲ ಹೀಗಿದೆ.

2009ರಲ್ಲಿ ಸಾಹೇಬರು ಟೇಪು ಬದಲಾಯಿಸುವ ಯಂತ್ರಕ್ಕೆ ಕೊನೆಗೂ ಒಪ್ಪಿದರು. ಒಪ್ಪಿದ್ದು ನನ್ನ ವಾದಕ್ಕಲ್ಲ. ವಾಚ್‌ಮನ್ ರಾತ್ರಿ ಭತ್ಯೆ ಹೆಚ್ಚಿಗೆ ಕೇಳಿದ್ದರು. ಹೊಸದರ ದರ ಕೇಳಿ ಇಬ್ಬರಿಗೂ ಎದೆ ಹಿಡಿದುಕೊಂಡಿತು. ಎಸ್.ಪಿ. ರೋಡಿನಲ್ಲಿ ಯಾವುದೋ ಐಟಿ ಕಂಪನಿ ಬಿಸಾಕಿದ್ದ ಎರಡನೇ ತಲೆಮಾರಿನ ಎಂಟು ಗೂಡಿನ ಯಂತ್ರ ಸಿಕ್ಕಿತು. ಲಾರಿಯ ಪಾರ್ಸಲಿನಲ್ಲಿ ಬಂದಿಳಿದಾಗ ಆಫೀಸೇ ಸುತ್ತ ನೆರೆಯಿತು. ಒಂದು ಟೇಪಿಗೆ 200 ಜಿಬಿ. ಸ್ವಿಚ್ ಹಾಕಿದೊಡನೆ ಒಳಗೆ ಕೈ ಅತ್ತಿತ್ತ ಸರಿದು ಪ್ರತಿ ಗೂಡನ್ನೂ ಮೂಸಿ ನೋಡಿತು, ಬೆನ್ನಿನ ಬಾರ್‌ಕೋಡ್ ಓದಿತು, ಒಂದನ್ನು ಎತ್ತಿ ಬಾಯಿಗೆ ಇಟ್ಟುಕೊಂಡಿತು. ‘ಸೊಂಡಿಲು ಅಲ್ವಾ ಇದು!’ ಅಂದರು ವಾಚ್‌ಮನ್. ಆವತ್ತಿನಿಂದ ಅದು ಆನೆ. ಆನೆಕೊಂಡದವನು ಆನೆ ಕೊಂಡ ಎಂದು ಊರೆಲ್ಲ ನಗೆ.

ನಗು ಒಂದು ವಾರ. ಆನೆಯನ್ನು ನಡೆಸುವ ತಂತ್ರಾಂಶಕ್ಕೆ ಬೇರೆ ದುಡ್ಡು ಎಂದು ಗೊತ್ತಾದಾಗ ಸಾಹೇಬರು ಎದ್ದು ನಿಂತರು. ಟೇಪಿಗೆ ಬರೆಯುವುದಕ್ಕೆ ಒಂದು ಲೈಸೆನ್ಸು, ಸೊಂಡಿಲು ಅಲ್ಲಾಡಿಸುವುದಕ್ಕೆ ಇನ್ನೊಂದು! ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಅನ್ನುವುದನ್ನು ಗಾದೆಯಲ್ಲಿ ಕೇಳಿದ್ದೆ, ಈಗ ಕಣ್ಣಾರೆ ಕಂಡೆ. ‘ಅಂಕುಶ ನೀವೇ ಮಾಡ್ಕೊಳ್ರಿ’ ಎಂದು ಕಡತ ಮುಚ್ಚಿದರು.

ಮಾಡಿದೆ. ನಮ್ಮ ಟಾರಿನ ಕೈಪಿಡಿಯಲ್ಲೇ ಒಂದು ಸಾಲು ಅಡಗಿ ಕೂತಿತ್ತು: ಟೇಪು ಮುಗಿದಾಗ ಮನುಷ್ಯನನ್ನು ಕೇಳುವ ಬದಲು ಇಂಥ ಸ್ಕ್ರಿಪ್ಟನ್ನು ಓಡಿಸು ಎಂದು ಮೊದಲೇ ಹೇಳಿಡಬಹುದು. ಏಳು ವರ್ಷ ಆ ಸಾಲಿನ ಮೇಲೆಯೇ ಪುಟ ತಿರುವಿದ್ದೆ. ಸೊಂಡಿಲಿಗೆ ಎಂಟಿಎಕ್ಸ್ ಅಂತ ಒಂದು ಪುಕ್ಕಟೆ ಉಪಕರಣ, ಡ್ರೈವಿಗೆ ಎಂಟಿ ಅಂತ ಇನ್ನೊಂದು. ಹತ್ತು ಸಾಲಿನ ಅಂಕುಶ: ಈಗಿನ ಟೇಪನ್ನು ಗೂಡಿಗೆ ಇಡು, ಮುಂದಿನ ಗೂಡಿನದನ್ನು ತಾ, ಟಾರಿಗೆ ‘ಆಯ್ತು’ ಅನ್ನು.

ಮೊದಲ ರಾತ್ರಿ ಸೊಂಡಿಲು ಡ್ರೈವಿನ ಬಾಯಿಗೆ ಹೋಗಿ ಎಳೆಯಿತು, ಬರಲಿಲ್ಲ, ಮತ್ತೆ ಎಳೆಯಿತು, ಕೆಂಪು ದೀಪ ಹತ್ತಿಸಿ ಕೂತಿತು. ಡ್ರೈವು ಇನ್ನೂ ಟೇಪನ್ನು ಕಚ್ಚಿಕೊಂಡಿತ್ತು. ಆಗ ಮಾವನ ಮಾತು ತಲೆಗೆ ಹೊಡೆಯಿತು, ಮೊದಲು ಹಿಂದಕ್ಕೆ ಸರಿ, ಆಮೇಲೆ ತಿರುಗು! ಟೇಪನ್ನು ಹಿಂದಕ್ಕೆ ಸುತ್ತಿ ಡ್ರೈವು ಬಾಯಿ ಬಿಡುವಂತೆ ಮುಂಚೆ ಎಂಟಿಯಿಂದ ಹೇಳಿಸಬೇಕಿತ್ತು. ಹರಿಹರಕ್ಕೆ ಫೋನು ಮಾಡಿ ಹೇಳಿದೆ. ‘ಇಂಜಿನಿಯರಿಂಗ್ ಮಾಡ್ಕಂಡಿದ್ದೀಯಲ್ಲಪ್ಪ, ಸಂತೋಷ’ ಅಂದರು.

ಎರಡನೇ ರಾತ್ರಿ ಇನ್ನೊಂದು ತಮಾಷೆ. ಸೊಂಡಿಲು ಟೇಪು ಇಟ್ಟು ಕೈ ತೆಗೆಯಿತು, ಸ್ಕ್ರಿಪ್ಟು ‘ಆಯ್ತು’ ಅಂದಿತು, ಟಾರು ಓದಲು ಹೋದರೆ ಡ್ರೈವು ಇನ್ನೂ ಪಟ್ಟಿಯನ್ನು ಹೊರಗೆಳೆದು ಸುರುಳಿಗೆ ಸಿಕ್ಕಿಸಿಕೊಳ್ಳುತ್ತಿದೆ. ಬಾಯಿಗೆ ತುತ್ತಿಟ್ಟ ಕೂಡಲೇ ಜೀರ್ಣವಾಯಿತಾ ಎಂದು ಕೇಳಿದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು: ಟೇಪಿನಲ್ಲಿ ಎಲ್ಲ ಇದೆ, ಕೊಡುವ ಪೂಜಾರಿ ಇನ್ನೂ ಮಡಿ ಉಡುತ್ತಿದ್ದಾನೆ. ಎರಡೆರಡು ಸೆಕೆಂಡಿಗೆ ‘ಸಿದ್ಧವಾ? ಸಿದ್ಧವಾ?’ ಎಂದು ಕೇಳಿಕೊಂಡು ಕಾಯುವ ನಾಲ್ಕು ಸಾಲು ಸೇರಿಸಿದೆ. ವಾಚ್‌ಮನ್‌ಗೆ ಇದನ್ನು ಹೇಳಿಕೊಡಬೇಕಾಗಿ ಬಂದಿರಲಿಲ್ಲ. ಅವರು ಟೇಪು ಹಾಕಿ, ಎಲೆ ಅಡಿಕೆ ಮಡಚಿ ಬಾಯಿಗೆ ಹಾಕಿಕೊಂಡು, ಆಮೇಲೆ ಗುಂಡಿ ಒತ್ತುತ್ತಿದ್ದರು. ಅಷ್ಟೊತ್ತಿಗೆ ಸರಿಯಾಗಿರುತ್ತಿತ್ತು.

ಇಷ್ಟಾದ ಮೇಲೆ ಆನೆ ಹೇಳಿದ ಹಾಗೆ ಕೇಳತೊಡಗಿತು. ಸಂಜೆ ಒಂದು ಆಜ್ಞೆ ಕೊಟ್ಟು ಮನೆಗೆ ಹೋದರೆ ರಾತ್ರಿಯೆಲ್ಲ ಅದೇ ಎತ್ತಿ ಅದೇ ಇಟ್ಟು, ಬೆಳಿಗ್ಗೆ ಬರುವಷ್ಟರಲ್ಲಿ ಕೆಲಸ ಮುಗಿಸಿರುತ್ತಿತ್ತು. ಆಗ ಬಂದರು ಹೊಸ ನಿರ್ದೇಶಕರೊಬ್ಬರು, ಬೆಂಗಳೂರಿನಲ್ಲಿ ಓದಿದ ಹುಡುಗ. ‘ಟೇಪಾ? ಈ ಕಾಲದಲ್ಲಿ? ಗೂಗಲ್‌ನವರು ಇಟ್ಟಿರ್ತಾರಾ ಟೇಪು?’ ಎಂದು ಮೀಟಿಂಗಿನಲ್ಲಿ ನಕ್ಕರು. ಅವರು ನಕ್ಕು ಹೆಚ್ಚು ದಿನ ಆಗಿರಲಿಲ್ಲ, 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನ ಕೆಲವರ ಅಂಚೆಪೆಟ್ಟಿಗೆಗಳು ಬೆಳಗಾಗುವುದರೊಳಗೆ ಬರಿದಾದವು. ಶೇಕಡಾ 0.02 ಮಂದಿ ಮಾತ್ರ, ಆದರೆ ಗೂಗಲ್ಲಿಗೆ ಅದೂ ಸಾವಿರಗಟ್ಟಲೆ. ಹೊಸ ತಂತ್ರಾಂಶದಲ್ಲಿನ ದೋಷ, ಬೇರೆ ಬೇರೆ ಊರಿನ ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳನ್ನೂ ತಿಂದಿತ್ತು. ಉಳಿದಿದ್ದು ಯಾವುದು? ಟೇಪು. ತಂತಿಯ ಸಂಬಂಧವಿಲ್ಲದೆ ಕಪಾಟಿನಲ್ಲಿ ಸುಮ್ಮನೆ ಕೂತಿರುವುದಕ್ಕೆ ದೋಷ ತಟ್ಟುವುದಾದರೂ ಹೇಗೆ? ಟೇಪಿನಿಂದ ಇಳಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಸ್ವಲ್ಪ ತಾಳ್ಮೆಯಿರಲಿ ಎಂದು ಗೂಗಲ್‌ನವರೇ ಕೇಳಿಕೊಂಡರು. ನಾನು ಆ ಸುದ್ದಿಯನ್ನು ಕತ್ತರಿಸಿ, ಗೋಂದು ಹಚ್ಚಿ, ಆನೆಯ ಹಣೆಗೆ ಪಟ್ಟದ ಹಾಗೆ ಅಂಟಿಸಿದೆ. ನಿರ್ದೇಶಕರು ಆ ಕಡೆ ಬರುವುದನ್ನು ಬಿಟ್ಟರು.

ಹೆಮ್ಮೆ ಬಂದರೆ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಎಂಟನೇ ಗೂಡಿನಲ್ಲಿ ನಾನು ಡ್ರೈವಿನ ತಲೆ ಒರೆಸುವ ಕ್ಲೀನಿಂಗ್ ಟೇಪು ಇಟ್ಟಿದ್ದೆ. ನೋಡಲು ಉಳಿದವುಗಳ ಹಾಗೇ, ಬಾರ್‌ಕೋಡಿನಲ್ಲಿ ಮಾತ್ರ ‘ಸಿಎಲ್‌ಎನ್’ ಎಂದು ಶುರುವಾಗುತ್ತದೆ. ನನ್ನ ಅಂಕುಶಕ್ಕೆ ಬಾರ್‌ಕೋಡ್ ಓದುವ ವಿದ್ಯೆ ಕಲಿಸಿರಲಿಲ್ಲ. ‘ಮುಂದಿನ ಗೂಡು’ ಅನ್ನುವುದು ಅದಕ್ಕೆ ಗೊತ್ತು, ‘ಯಾವ ಟೇಪು’ ಅನ್ನುವುದು ಗೊತ್ತಿಲ್ಲ. ಸೊಂಡಿಲಿನ ಕಣ್ಣಿಗೆ ಕಾಣುತ್ತದೆ, ಕೇಳುವವರಿಲ್ಲ ಅಷ್ಟೇ. ಒಂದು ರಿಹರ್ಸಲ್ಲಿನ ರಾತ್ರಿ ಏಳು ಗೂಡಿನಲ್ಲಿ ಯಾವುದೋ ಎರಡನ್ನು ಅದಲುಬದಲಾಗಿ ಜೋಡಿಸಿ ಮನೆಗೆ ಬಂದಿದ್ದೆ. ಟಾರು ತನಗೆ ಬೇಕಾದ ಸಂಪುಟ ಸಿಗದೆ ಮುಂದಿನದು, ಮುಂದಿನದು ಎನ್ನುತ್ತ ಎಂಟನೇ ಗೂಡಿಗೆ ಬಂದಿದೆ. ಕ್ಲೀನಿಂಗ್ ಟೇಪಿನ ಸ್ವಭಾವ ನಿಮಗೆ ಹೇಳಬೇಕು: ಡ್ರೈವು ಅದನ್ನು ನುಂಗಿ, ತಲೆ ಒರೆಸಿಕೊಂಡು, ತಾನಾಗಿಯೇ ಉಗುಳಿಬಿಡುತ್ತದೆ. ನನ್ನ ಸ್ಕ್ರಿಪ್ಟಿಗೆ ಅದು ಇನ್ನೂ ಸಿದ್ಧವಾಗಿಲ್ಲ ಎಂದು ಕಂಡಿದೆ. ಕಾದಿದೆ. ಬೇಸತ್ತು ಮತ್ತೆ ಅದನ್ನೇ ಬಾಯಿಗೆ ತುರುಕಿದೆ. ಮತ್ತೆ ಉಗುಳಿದೆ. ಒಂದು ಕ್ಲೀನಿಂಗ್ ಟೇಪಿಗೆ ಐವತ್ತು ಸಲದ ಆಯುಷ್ಯ, ಅಷ್ಟನ್ನೂ ಒಂದೇ ರಾತ್ರಿಯಲ್ಲಿ ಮುಗಿಸುವ ಹುರುಪಿನಲ್ಲಿತ್ತು ಆನೆ.

ಬೆಳಗಿನ ಜಾವ ಎರಡೂವರೆಗೆ ಮೊಬೈಲು ಹೊಡೆದುಕೊಂಡಿತು. ವಾಚ್‌ಮನ್.

‘ತಮ್ಮಾ, ನಿನ್ನ ಆನೆ ಒಂದೇ ತುತ್ತನ್ನ ನುಂಗ್ತೈತಿ, ಉಗುಳ್ತೈತಿ. ಹದಿನಾರು ಸಲ ಆತು, ರಿಜಿಸ್ಟರ್‌ನಾಗೆ ಬರ್ದೀನಿ. ಮುಟ್ಟಿ ನೋಡೋಣ ಅಂದ್ರೆ ಬಾಗಿಲಿಗೆ ಬೀಗ.’

‘ಬೀಗದ ಕೈ ನನ್ನ ಹತ್ರಾನೇ ಐತಿ, ಬರ್ತೀನಿ’ ಎಂದು ಸ್ಕೂಟರ್ ಹತ್ತಿದೆ.

ಗೇಟು ಹಾಕಿತ್ತು.